ಉಪ್ಪುನೀರಿನ ದುಡಿಮೆಯ ನಂತರ ದೋಣಿ ಎಂಜಿನ್ನಿನ ಹೊಗೆಮಾರ್ಗ: ಪರಿಶೀಲನೆ ಮತ್ತು ನಿರ್ವಹಣೆ

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರಗಳ ಧಕ್ಕೆಗಳಲ್ಲಿ ದೋಣಿಗಳು ಸಾಲಾಗಿ ನಿಲ್ಲುವ ಈ ಅವಧಿಯು ದುರಸ್ತಿಯ ಕಾಲವೂ ಹೌದು. ಬಲೆ ಹೆಣೆಯಲಾಗುತ್ತದೆ, ಒಡಲಿಗೆ ಬಣ್ಣ ಬಳಿಯಲಾಗುತ್ತದೆ, ಪ್ರೊಪೆಲ್ಲರ್ ಬಿಚ್ಚಿ ನೋಡಲಾಗುತ್ತದೆ, ಎಂಜಿನ್ ಆಯಿಲ್ ಹಾಗೂ ಫಿಲ್ಟರ್ ಬದಲಾಗುತ್ತವೆ. ಆದರೆ ಎಂಜಿನ್ನಿನಿಂದ ಹೊಗೆಯನ್ನು ಹೊರಗೆ ಒಯ್ಯುವ ಭಾಗಗಳನ್ನು ಬಿಚ್ಚಿ ನೋಡುವವರು ವಿರಳ. ಧಕ್ಕೆಯ ಮಾತಿನಲ್ಲಿ ‘ಎಕ್ಸಾಸ್ಟ್ ಲೈನ್’ ಎನಿಸಿಕೊಳ್ಳುವ ಈ ಮಾರ್ಗವು ಹೊಗೆ ಬಿಡುತ್ತಿರುವಷ್ಟು ದಿನ ಸರಿಯಾಗಿಯೇ ಇದೆ ಎಂಬುದು ಸಾಮಾನ್ಯ ನಂಬಿಕೆ.

ಈ ನಂಬಿಕೆಯ ಬೆಲೆ ಆಗಸ್ಟ್ ತಿಂಗಳಿನಲ್ಲಿ ತಿಳಿಯುತ್ತದೆ. ಡೀಸೆಲ್, ಮಂಜುಗಡ್ಡೆ, ದಿನಸಿ ತುಂಬಿಕೊಂಡು ಆಳ ಸಮುದ್ರಕ್ಕೆ ಹೋದ ದೋಣಿಯು ಎರಡನೆಯ ದಿನವೇ ಎಂಜಿನ್ ಬಿಸಿಯಾಗಿ, ಇನ್ನೊಂದು ದೋಣಿಯ ಹಗ್ಗಕ್ಕೆ ಕಟ್ಟಿಸಿಕೊಂಡು ಮರಳಿದರೆ ನಷ್ಟವು ಒಂದು ಬಿಡಿಭಾಗದ ಬೆಲೆಗೆ ನಿಲ್ಲುವುದಿಲ್ಲ. ಋತುವಿನ ಮೊದಲ ಪ್ರಯಾಣವೇ ಕೈತಪ್ಪುತ್ತದೆ, ಮಂಜುಗಡ್ಡೆ ಕರಗಿಹೋಗುತ್ತದೆ, ಕೆಲಸಗಾರರ ಪಾಲೂ ಇಲ್ಲವಾಗುತ್ತದೆ. ಸಮುದ್ರದ ನೀರು ಹೊಗೆಮಾರ್ಗದಿಂದ ಹಿಂದಕ್ಕೆ ಹರಿದು ಸಿಲಿಂಡರ್ ಸೇರಿದ್ದರಂತೂ ಇಡೀ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ದೋಣಿ ಮಾಲೀಕರು, ಬಿಡಿಭಾಗಗಳ ವ್ಯಾಪಾರಿಗಳು, ವರ್ಕ್‌ಶಾಪ್ ನಡೆಸುವವರು ಹಾಗೂ ಎರಕ ಮತ್ತು ಫ್ಯಾಬ್ರಿಕೇಶನ್ ಘಟಕಗಳ ಸದಸ್ಯರಿಗೆ ಉಪಯುಕ್ತವಾಗಲೆಂದು ಈ ವಿಷಯವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

1. ಹೊಗೆಮಾರ್ಗದ ರಚನೆ

ದೋಣಿಯ ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನುಗಳಲ್ಲಿ ಎರಡು ಬಗೆಯ ಹೊಗೆಮಾರ್ಗಗಳಿವೆ.

ಮೊದಲನೆಯದು ಒಣ ಮಾರ್ಗ. ಇದರಲ್ಲಿ ಮ್ಯಾನಿಫೋಲ್ಡಿನಿಂದ ಹೊರಟ ಬಿಸಿ ಅನಿಲವು ಉಕ್ಕಿನ ಕೊಳವೆ ಮತ್ತು ಸೈಲೆನ್ಸರ್ ಮೂಲಕ ನೇರವಾಗಿ ಮೇಲಕ್ಕೆ ಅಥವಾ ಪಕ್ಕಕ್ಕೆ ಹೋಗುತ್ತದೆ. ಕೊಳವೆಯ ಸುತ್ತ ಶಾಖ ತಡೆಯುವ ಹಗ್ಗ ಅಥವಾ ಬಟ್ಟೆಯನ್ನು ಸುತ್ತಿರಲಾಗುತ್ತದೆ.

ಎರಡನೆಯದು ತೇವ ಮಾರ್ಗ. ಎಂಜಿನ್ನಿನ ಶಾಖವನ್ನು ಹೀರಿಕೊಂಡು ಬಂದ ಸಮುದ್ರದ ನೀರನ್ನು ಮ್ಯಾನಿಫೋಲ್ಡಿನ ಮುಂದಿನ ಬೆಂಡಿನಲ್ಲಿ ಹೊಗೆಯೊಳಕ್ಕೆ ಚಿಮ್ಮಿಸಲಾಗುತ್ತದೆ. ಪೂರ್ಣ ಹೊರೆಯಲ್ಲಿ 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಅನಿಲವು ಈ ಒಂದು ಗೇಣಿನ ಅಂತರದಲ್ಲಿ ಕೈಯಿಂದ ಮುಟ್ಟಬಹುದಾದಷ್ಟು ತಣ್ಣಗಾಗುತ್ತದೆ. ಆ ಕಾರಣದಿಂದಲೇ ಮುಂದಿನ ಮಾರ್ಗವನ್ನು ರಬ್ಬರ್ ಹೋಸಿನಿಂದ ನಿರ್ಮಿಸಲು ಸಾಧ್ಯವಾಗಿದೆ. ಹೋಸಿನ ನಡುವೆ ನೀರು ನಿಲ್ಲುವ ಒಂದು ಡಬ್ಬಿ, ಅಂದರೆ ವಾಟರ್‌ಲಾಕ್, ಇರುತ್ತದೆ. ಎಂಜಿನ್ ನಿಂತಾಗ ಹೋಸಿನಲ್ಲಿ ಉಳಿದ ನೀರು ಹಿಂದಕ್ಕೆ ಹರಿಯದೆ ಇದರಲ್ಲಿ ಸಂಗ್ರಹವಾಗುತ್ತದೆ.

ತೇವ ಮಾರ್ಗದಲ್ಲಿ ಅತಿ ಹೆಚ್ಚು ಕಷ್ಟ ಅನುಭವಿಸುವ ಭಾಗವೆಂದರೆ ನೀರು ಮತ್ತು ಹೊಗೆ ಸಂಧಿಸುವ ಬೆಂಡ್. ಅತಿಶಾಖ, ಉಪ್ಪು, ಆಮ್ಲ, ಮಸಿ ಹಾಗೂ ಕಂಪನ ಈ ಐದೂ ಒಂದೇ ಜಾಗದಲ್ಲಿ ಕೂಡುತ್ತವೆ. ಆದ್ದರಿಂದ ಈ ಬೆಂಡನ್ನು ಎಂಜಿನ್ನಿನ ಶಾಶ್ವತ ಅಂಗವೆಂದು ಭಾವಿಸದೆ, ಫಿಲ್ಟರ್ ಅಥವಾ ಬೆಲ್ಟ್‌ನಂತೆ ಕಾಲಕಾಲಕ್ಕೆ ಬದಲಾಯಿಸಬೇಕಾದ ಸವೆಯುವ ಭಾಗವೆಂದೇ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

2. ಸವೆತಕ್ಕೆ ಕಾರಣಗಳು

(ಅ) ಉಪ್ಪು: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಾಂಶವಿರುತ್ತದೆ. ಎಂಜಿನ್ ನಿಂತ ಮೇಲೆ ಬಿಸಿ ಲೋಹದ ಮೇಲಿನ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಈ ಉಪ್ಪು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಅಡಿಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ರ ಆಸುಪಾಸು ತಲುಪಿದಾಗ ತಾನಾಗಿಯೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್ ಇನ್ನೂ ಕಡಿಮೆ ಆರ್ದ್ರತೆಯಲ್ಲಿಯೇ, ಅಂದರೆ ಶೇ. 33ರಷ್ಟರಲ್ಲಿಯೇ, ಒದ್ದೆಯಾಗತೊಡಗುತ್ತದೆ. ಕರಾವಳಿಯ ಜೂನ್‌–ಜುಲೈ ತಿಂಗಳ ಗಾಳಿಯು ಹೆಚ್ಚಿನ ದಿನಗಳಲ್ಲಿ ಈ ಎರಡೂ ಮಿತಿಗಳನ್ನು ಮೀರಿರುತ್ತದೆ. ಹೀಗಾಗಿ ಉಪ್ಪು ತೊಳೆಯದೆ ಧಕ್ಕೆಯಲ್ಲಿ ಕಟ್ಟಿಹಾಕಿದ ದೋಣಿಯ ಹೊಗೆಮಾರ್ಗವು ಆ ಎರಡು ತಿಂಗಳೂ ಒದ್ದೆಯಾಗಿಯೇ ಇರುತ್ತದೆ. ದುಡಿಯುವ ಕಾಲಕ್ಕಿಂತ ವಿಶ್ರಾಂತಿಯ ಕಾಲದಲ್ಲಿಯೇ ತುಕ್ಕು ಮುಂದುವರಿಯುವುದು ಇದರಿಂದಲೇ.

(ಆ) ಆಮ್ಲ: ಡೀಸೆಲ್‌ನಲ್ಲಿನ ಗಂಧಕವು ಉರಿದು ನೀರಿನೊಡನೆ ಬೆರೆತಾಗ ಗಂಧಕಾಮ್ಲವಾಗುತ್ತದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದಂತೆ ಡೀಸೆಲ್‌ನ ಗಂಧಕಾಂಶವು ಹತ್ತು ಲಕ್ಷ ಭಾಗಗಳಲ್ಲಿ 10 ಭಾಗಗಳಿಗೆ ಇಳಿದಿದೆ. ಭಾರತ್ ಸ್ಟೇಜ್ 3ರ ಕಾಲದಲ್ಲಿ ಈ ಮಿತಿ 350 ಆಗಿತ್ತು. ಇದರಿಂದ ಆಮ್ಲದ ಕಾಟ ಬಹಳಷ್ಟು ತಗ್ಗಿದೆ. ಆದರೆ ಉಪ್ಪಿನ ಕಾಟ ಎಳ್ಳಷ್ಟೂ ತಗ್ಗಿಲ್ಲ. ‘ಈಗಿನ ಡೀಸೆಲ್ ಒಳ್ಳೆಯದು, ಬೆಂಡಿಗೆ ಏನೂ ಆಗುವುದಿಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ.

(ಇ) ಮಸಿ ಮತ್ತು ಲವಣದ ಗಂಟು: ಬಲೆ ಎಳೆಯುವಾಗ ಅಥವಾ ಕಾಯುವಾಗ ಎಂಜಿನ್ ಬಹಳ ಹೊತ್ತು ಕಡಿಮೆ ಹೊರೆಯಲ್ಲಿ ಓಡಿದರೆ ಇಂಧನ ಪೂರ್ಣವಾಗಿ ಉರಿಯದೆ ಎಣ್ಣೆಮಸಿ ಉಂಟಾಗುತ್ತದೆ. ನೀರು ಚಿಮ್ಮುವ ರಂಧ್ರಗಳ ಬಳಿ ಈ ಮಸಿಯೂ ಉಪ್ಪೂ ಸೇರಿ ಕಲ್ಲಿನಂತಹ ಗಂಟು ಬೆಳೆಯುತ್ತದೆ. ಸಮುದ್ರದ ನೀರು ಸುಮಾರು 55 ಡಿಗ್ರಿ ಮೀರಿ ಬಿಸಿಯಾದರೆ ಸುಣ್ಣದಂಶವೂ ವೇಗವಾಗಿ ಕಟ್ಟಿಕೊಳ್ಳುತ್ತದೆ. ದಾರಿ ಕಿರಿದಾದಂತೆ ಹೊಗೆಯ ಹಿಮ್ಮುಖ ಒತ್ತಡ ಏರುತ್ತದೆ, ಎಂಜಿನ್ ಕಪ್ಪು ಹೊಗೆ ಕಾರುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಟರ್ಬೋ ಅತಿಯಾಗಿ ಬಿಸಿಯಾಗುತ್ತದೆ.

(ಈ) ಲೋಹಗಳ ಜಗಳ: ಉಪ್ಪುನೀರಿನಲ್ಲಿ ಎರಡು ಭಿನ್ನ ಲೋಹಗಳು ಕೂಡಿದ್ದರೆ ಅದೊಂದು ಬ್ಯಾಟರಿಯೇ ಸರಿ. ಅಲ್ಯೂಮಿನಿಯಂ ಭಾಗಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಉಕ್ಕಿನ ಕೊಳವೆಗೆ ಹಿತ್ತಾಳೆಯ ನಿಪ್ಪಲ್ ಹಾಕಿದರೆ ಉಕ್ಕು ಸವೆಯುತ್ತದೆ. ಇದನ್ನು ತಡೆಯಲು ಸತುವಿನ ತುಂಡುಗಳನ್ನು ಅಳವಡಿಸುವ ಕ್ರಮವಿದೆ. ಆದರೆ ಸತುವು ತಾನು ಮುಳುಗಿರುವ ನೀರಿನ ಆಸುಪಾಸನ್ನು ಮಾತ್ರ ರಕ್ಷಿಸಬಲ್ಲದು. ಹೀಟ್ ಎಕ್ಸ್‌ಚೇಂಜರಿನಲ್ಲಿರುವ ಸತುವಿನ ಕಡ್ಡಿಯು ದೂರದ ಹೊಗೆ ಬೆಂಡನ್ನು ಕಾಯುತ್ತದೆಂದು ನಂಬಬಾರದು.

3. ಎರಕದ ಕಬ್ಬಿಣದ ಮೋಸ

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಉಕ್ಕು ತುಕ್ಕು ಹಿಡಿದರೆ ಪದರ ಪದರವಾಗಿ ಉದುರಿ ಕಣ್ಣಿಗೆ ಕಾಣುತ್ತದೆ. ಬೂದು ಬಣ್ಣದ ಎರಕದ ಕಬ್ಬಿಣ ಹಾಗಲ್ಲ. ಅದರೊಳಗೆ ಗ್ರಾಫೈಟಿನ ಸೂಕ್ಷ್ಮ ಹಾಳೆಗಳು ಬಲೆಯಂತೆ ಹರಡಿರುತ್ತವೆ. ಉಪ್ಪುನೀರು ಕಬ್ಬಿಣವನ್ನು ಮಾತ್ರ ಕರಗಿಸಿ ಒಯ್ದು ಗ್ರಾಫೈಟನ್ನು ಹಾಗೆಯೇ ಬಿಡುತ್ತದೆ. ಬೆಂಡಿನ ಆಕಾರ ಬದಲಾಗುವುದಿಲ್ಲ, ದಪ್ಪ ಕಡಿಮೆಯಾದಂತೆ ಕಾಣುವುದಿಲ್ಲ, ಮೇಲಿನ ಬಣ್ಣವೂ ಇದ್ದಂತೆಯೇ ಇರುತ್ತದೆ. ಆದರೆ ಶಕ್ತಿ ಮಾತ್ರ ಪೆನ್ಸಿಲ್ ಕಡ್ಡಿಯಷ್ಟಾಗಿರುತ್ತದೆ.

ಧಕ್ಕೆಯ ವರ್ಕ್‌ಶಾಪ್ ಒಂದರಲ್ಲಿ ಈ ಲೇಖಕನೇ ಕಂಡ ಪ್ರಸಂಗ ಇದಕ್ಕೆ ನಿದರ್ಶನ. ಮಾಲೀಕರು ಬೆಂಡಿಗೆ ಪ್ರತಿವರ್ಷ ತಪ್ಪದೆ ಬೆಳ್ಳಿ ಬಣ್ಣ ಬಳಿಸುತ್ತಿದ್ದರು. ನೋಡಲು ಅದು ಹೊಸತರಂತೆಯೇ ಇತ್ತು. ಹೋಸಿನ ಕ್ಲಿಪ್ ಬಿಗಿ ಮಾಡಲು ಹೋದ ಮೆಕ್ಯಾನಿಕ್‌ನ ಸ್ಕ್ರೂಡ್ರೈವರ್ ಜಾರಿ ಬೆಂಡಿಗೆ ತಗಲಿತು. ಅದರ ಮೊನೆ ಗೋಡೆಯೊಳಕ್ಕೆ ಹೊಕ್ಕಿತು. ಅದು ಧಕ್ಕೆಯಲ್ಲಿ ಆದದ್ದು ಅದೃಷ್ಟ. ಸಮುದ್ರದ ಮಧ್ಯೆ ಆಗಿದ್ದರೆ ಬಿಸಿ ಹೊಗೆಯೂ ನೀರೂ ಒಟ್ಟಿಗೆ ಎಂಜಿನ್ ಕೋಣೆಯನ್ನು ತುಂಬುತ್ತಿದ್ದವು. ಮಾಲೀಕರು ಹೇಳಿದ ಮಾತು ಒಂದೇ: ‘ಬಣ್ಣಕ್ಕೆ ಖರ್ಚು ಮಾಡಿದ್ದನ್ನು ಒಮ್ಮೆ ಬಿಚ್ಚಿ ನೋಡುವುದಕ್ಕೆ ಮಾಡಿದ್ದರೆ ಸಾಕಿತ್ತು.’

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಬೆಂಡನ್ನು ಬಿಚ್ಚಿ, ಒಳಮೈಯನ್ನು ಚಾಕುವಿನಿಂದ ಗೀರಿ ನೋಡಬೇಕು. ಒಳ್ಳೆಯ ಕಬ್ಬಿಣ ಚಾಕುವಿಗೆ ಜಗ್ಗುವುದಿಲ್ಲ ಮತ್ತು ಹೊಳೆಯುವ ಗೆರೆ ಕಾಣುತ್ತದೆ. ಸತ್ವ ಹೋದ ಕಬ್ಬಿಣವು ಕಪ್ಪು ಪುಡಿಯಾಗಿ ಕೈಗೆ ಮೆತ್ತಿಕೊಳ್ಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಮೊದಲನೆಯದು ಗಂಟೆಯಂತೆ ನಾದ ಕೊಡುತ್ತದೆ, ಎರಡನೆಯದು ಮಂದವಾಗಿ ಸದ್ದು ಮಾಡುತ್ತದೆ.

4. ಪ್ರತಿ ಪ್ರಯಾಣದ ನಂತರ ಮಾಡಬೇಕಾದದ್ದು

ಧಕ್ಕೆಗೆ ಬಂದು ಮೀನು ಇಳಿಸಿದ ಮೇಲೆ ತಂಡೇಲರಾಗಲಿ ಎಂಜಿನ್ ನೋಡಿಕೊಳ್ಳುವವರಾಗಲಿ ಕಾಲು ಗಂಟೆ ವ್ಯಯಿಸಿದರೆ ಈ ಕೆಲಸಗಳು ಮುಗಿಯುತ್ತವೆ.

* ಎಂಜಿನ್ ಓಡುತ್ತಿರುವಾಗಲೇ ಹೊರಬಾಯಿಯಿಂದ ಬೀಳುವ ನೀರಿನ ಪ್ರಮಾಣವನ್ನು ಗಮನಿಸಬೇಕು. ನೀರು ಕಡಿಮೆಯಾಗಿ ಬಿಳಿ ಹಬೆ ಹೆಚ್ಚಿದ್ದರೆ ಪಂಪಿನ ಇಂಪೆಲ್ಲರ್, ಸ್ಟ್ರೈನರ್ ಅಥವಾ ಬೆಂಡಿನ ರಂಧ್ರಗಳಲ್ಲಿ ಅಡಚಣೆಯಿದೆ ಎಂದು ತಿಳಿಯಬೇಕು.
* ತೇವ ಮಾರ್ಗದ ರಬ್ಬರ್ ಹೋಸಿನ ಮೇಲೆ ಬೆಂಡಿನ ಕಡೆಯ ತುದಿಯಲ್ಲಿ ಕೈ ಇಟ್ಟು ನೋಡಬೇಕು. ಕೈ ಇಡಲಾಗದಷ್ಟು ಬಿಸಿಯಿದ್ದರೆ ನೀರು ಸಾಲುತ್ತಿಲ್ಲವೆಂದು ಅರ್ಥ. ಲೋಹದ ಬೆಂಡನ್ನು ಮಾತ್ರ ಮುಟ್ಟಬಾರದು.
* ಫ್ಲೇಂಜ್, ಪ್ಯಾಕಿಂಗ್, ಕ್ಲಿಪ್‌ಗಳ ಬಳಿ ಬಿಳಿ ಉಪ್ಪಿನ ಹರಳು, ಕೆಂಪು ತುಕ್ಕಿನ ಗೆರೆ ಅಥವಾ ಕಪ್ಪು ಮಸಿಯ ಗುರುತು ಇದೆಯೇ ಎಂದು ನೋಡಬೇಕು. ಉಪ್ಪು ಇದ್ದರೆ ನೀರಿನ ಸೋರಿಕೆ, ಮಸಿ ಇದ್ದರೆ ಹೊಗೆಯ ಸೋರಿಕೆ.
* ಹೊರಮೈಯನ್ನು, ಎಂಜಿನ್ ತಣ್ಣಗಾದ ಮೇಲೆ, ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ಸಿಹಿನೀರಿನಿಂದ ಒಳಭಾಗ ತೊಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಸಮುದ್ರದ ನೀರಿನ ವಾಲ್ವನ್ನು ಮುಚ್ಚಿ, ಸ್ಟ್ರೈನರಿಗೆ ಡ್ರಮ್ಮಿನಿಂದ ಸಿಹಿನೀರು ಒದಗಿಸಿ, ಎಂಜಿನ್ ಓಡುತ್ತಿರುವಾಗ ಅದರ ಪಂಪೇ ನೀರನ್ನು ಎಳೆದುಕೊಳ್ಳುವಂತೆ ಮಾಡಬೇಕು. ನಿಂತ ಎಂಜಿನ್ನಿಗೆ ಪೈಪಿನ ಒತ್ತಡದಿಂದ ನೀರು ಹಾಯಿಸಬಾರದು. ಹೊಗೆಯ ರಭಸವಿಲ್ಲದ ಕಾರಣ ಆ ನೀರು ಹೊರಗೆ ಹೋಗದೆ ವಾಟರ್‌ಲಾಕ್ ತುಂಬಿ ಸಿಲಿಂಡರಿಗೆ ಇಳಿಯುತ್ತದೆ. ನೀರು ಒತ್ತಿದರೆ ಕುಗ್ಗುವಂಥದ್ದಲ್ಲ. ಅದರ ಮೇಲೆ ಪಿಸ್ಟನ್ ಏರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಹಳ ಹೊತ್ತು ಸೆಲ್ಫ್ ಹೊಡೆದರೂ ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಕೂಡ ಇದೇ ಅಪಾಯವಿದೆ. ಅಂಥ ಸಂದರ್ಭದಲ್ಲಿ ಸಮುದ್ರದ ವಾಲ್ವನ್ನು ಮುಚ್ಚಿ, ಎಂಜಿನ್ ಹತ್ತಿಕೊಂಡ ಕೂಡಲೇ ತೆರೆಯಬೇಕು.

5. ವಾರ್ಷಿಕ ಪರಿಶೀಲನೆ: ಮಳೆಗಾಲದ ಆರಂಭದಲ್ಲಿಯೇ

ಈ ಕೆಲಸವನ್ನು ಜುಲೈ ಕೊನೆಯ ವಾರಕ್ಕೆ ಮುಂದೂಡುವುದು ರೂಢಿ. ಮೇಲೆ ವಿವರಿಸಿದಂತೆ ಉಪ್ಪು ಒದ್ದೆಯಾಗಿ ಕೊರೆಯುವುದು ಜೂನ್‌ನಿಂದಲೇ. ಆದ್ದರಿಂದ ದೋಣಿ ಕಟ್ಟಿದ ಮೊದಲ ವಾರದಲ್ಲಿಯೇ ಬಿಚ್ಚಿ ತೊಳೆದು ಒಣಗಿಸಿಡಬೇಕು. ಬಿಡಿಭಾಗ ಬೇಕೆಂದು ಗೊತ್ತಾದರೆ ಅದನ್ನು ತರಿಸಿಕೊಳ್ಳಲು ಏಳೆಂಟು ವಾರಗಳ ಕಾಲಾವಕಾಶವೂ ದೊರೆಯುತ್ತದೆ.

ಹಂತ 1: ಸಮುದ್ರದ ವಾಲ್ವ್ ಮುಚ್ಚಿ, ಬ್ಯಾಟರಿಯ ತಂತಿ ಕಳಚಿ, ವಾಟರ್‌ಲಾಕ್‌ನ ನೀರನ್ನು ಬಸಿಯಬೇಕು.

ಹಂತ 2: ಹೋಸನ್ನು ಬಿಚ್ಚಿ ಇಡೀ ಉದ್ದಕ್ಕೆ ಹಿಸುಕಿ ನೋಡಬೇಕು. ಮೆತ್ತಗಾದ, ಬಿರುಕು ಬಿಟ್ಟ ಅಥವಾ ಒಳಪದರ ಕಿತ್ತುಬಂದ ಹೋಸನ್ನು ಮತ್ತೆ ಬಳಸಬಾರದು. ಕಿತ್ತ ಒಳಪದರವು ಕವಾಟದಂತೆ ದಾರಿ ಮುಚ್ಚಬಹುದು. ಪ್ರತಿ ತುದಿಗೂ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್ ಇರಬೇಕು. ಕ್ಲಿಪ್ಪಿನ ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ಅದರ ಸ್ಕ್ರೂ ಸಾಧಾರಣ ಉಕ್ಕಿನದಾಗಿರುವುದುಂಟು. ಮೊದಲು ತುಕ್ಕು ಹಿಡಿಯುವುದು ಆ ಸ್ಕ್ರೂವೇ.

ಹಂತ 3: ಬೆಂಡಿನ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಆತುರಪಡದೆ ಬಿಚ್ಚಬೇಕು. ಸ್ಟಡ್ ಮುರಿದರೆ ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ.

ಹಂತ 4: ಬೆಂಡಿನ ಒಳಗೆ ಟಾರ್ಚ್ ಹಾಕಿ ಹೊಗೆಯ ದಾರಿ, ನೀರಿನ ದಾರಿ ಎರಡನ್ನೂ ನೋಡಬೇಕು. ನೀರು ಚಿಮ್ಮುವ ರಂಧ್ರಗಳಿಗೆ ತಂತಿ ಹಾಯಿಸಬೇಕು. ಹಿಂದೆ ಇಂಪೆಲ್ಲರ್ ಮುರಿದಿದ್ದರೆ ಅದರ ರಬ್ಬರ್ ಚೂರುಗಳು ಹೀಟ್ ಎಕ್ಸ್‌ಚೇಂಜರಿನಲ್ಲಿಯೋ ಇಲ್ಲಿಯೋ ಸಿಕ್ಕಿಕೊಂಡಿರುತ್ತವೆ.

ಹಂತ 5: ಮಸಿಯನ್ನು ಹೆರೆದು ತೆಗೆಯಬೇಕು, ಆಮ್ಲಕ್ಕೆ ಮಸಿ ಕರಗುವುದಿಲ್ಲ. ಸುಣ್ಣದಂಶವನ್ನು ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ ತೆಗೆದು ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಮ್ಯೂರಿಯಾಟಿಕ್ ಆಮ್ಲವು ಸುಣ್ಣವನ್ನು ಬೇಗ ತಿನ್ನುವುದು ನಿಜ. ಕಬ್ಬಿಣ, ಅಲ್ಯೂಮಿನಿಯಂಗಳನ್ನೂ ತಿನ್ನುತ್ತದೆ, ಸ್ಟೇನ್‌ಲೆಸ್ಸಿನಲ್ಲಿ ಕುಳಿ ಬೀಳಿಸುತ್ತದೆ.

ಹಂತ 6: ಗೀರು ಪರೀಕ್ಷೆ ಮತ್ತು ಸುತ್ತಿಗೆ ಪರೀಕ್ಷೆ ಮಾಡಬೇಕು. ಉಕ್ಕಿನ ಕೊಳವೆಗೆ ಅಲ್ಟ್ರಾಸಾನಿಕ್ ದಪ್ಪಮಾಪಕ ಹಿಡಿದು ಬಾಗಿನ ಹೊರಸುತ್ತು ಮತ್ತು ತಳಭಾಗದ ದಪ್ಪವನ್ನು ಬರೆದಿಟ್ಟುಕೊಂಡರೆ ವರ್ಷದಿಂದ ವರ್ಷಕ್ಕೆ ಸವೆತ ಎಷ್ಟೆಂದು ತಿಳಿಯುತ್ತದೆ.

ಹಂತ 7: ನೀರಿನ ಜಾಕೆಟ್ ಇರುವ ಮ್ಯಾನಿಫೋಲ್ಡಿನ ಬಾಯಿಗಳನ್ನು ಮುಚ್ಚಿ, ಎಂಜಿನ್ ಕೈಪಿಡಿಯಲ್ಲಿ ಹೇಳಿದ ಒತ್ತಡಕ್ಕೆ ಕೈಪಂಪಿನಿಂದ ನೀರು ತುಂಬಿ ಸೋರಿಕೆ ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ಕಂಪ್ರೆಸರ್ ಗಾಳಿಯಿಂದ ಮಾಡಬಾರದು. ಎರಕ ಒಡೆದರೆ ಗಾಳಿಯು ಸಿಡಿಗುಂಡಿನಂತೆ ಚೂರುಗಳನ್ನು ಎಸೆಯುತ್ತದೆ. ನೀರು ಹಾಗೆ ಮಾಡದು.

ಹಂತ 8: ಫ್ಲೇಂಜಿನ ಮುಖ ಸಪಾಟಾಗಿದೆಯೇ ಎಂದು ಸ್ಕೇಲ್ ಇಟ್ಟು ನೋಡಿ, ಹೊಸ ಪ್ಯಾಕಿಂಗ್ ಹಾಕಿ, ಸ್ಟಡ್ಡುಗಳಿಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿ ಮಾಡಬೇಕು. ಹಳೆಯ ಪ್ಯಾಕಿಂಗನ್ನು ಪೇಸ್ಟ್ ಬಳಿದು ಮತ್ತೆ ಬಳಸುವುದು ಉಳಿತಾಯವಲ್ಲ.

ಹಂತ 9: ನೀರು ಚಿಮ್ಮುವ ಸ್ಥಾನವು ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೆ ಅಥವಾ ಅದರ ಸಮೀಪದಲ್ಲಿದ್ದರೆ ನೀರು ತಾನಾಗಿ ಹರಿದುಬರದಂತೆ ತಡೆಯುವ ಗಾಳಿಕವಾಟವುಳ್ಳ ಬಳಸುಕೊಳವೆ ಇರಬೇಕು. ಆ ಕವಾಟದಲ್ಲಿ ಉಪ್ಪು ಕಟ್ಟಿಕೊಂಡರೆ ಅದು ಇದ್ದೂ ಇಲ್ಲದಂತೆ. ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು.

ಒಣ ಮಾರ್ಗವಿರುವ ದೋಣಿಗಳಲ್ಲಿ ಎರಡು ಹೆಚ್ಚುವರಿ ಕೆಲಸಗಳಿವೆ. ಸುತ್ತಿದ ಶಾಖತಡೆಯು ಉಪ್ಪುನೀರು ಹೀರಿದ್ದರೆ ಅದರಡಿಯ ಕೊಳವೆ ಕಾಣದಂತೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅದನ್ನು ಬಿಚ್ಚಿಯೇ ನೋಡಬೇಕು. ಹಳೆಯ ದೋಣಿಗಳಲ್ಲಿ ಆ ಹಗ್ಗ ಕಲ್ನಾರಿನದಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಸಂಶಯವಿದ್ದರೆ ಒಣಗಿರುವಾಗ ಕೀಳದೆ, ಈ ಕೆಲಸ ಬಲ್ಲವರಿಂದ ಸೂಕ್ತ ರಕ್ಷಣೆಯೊಡನೆ ತೆಗೆಸಬೇಕು. ಎರಡನೆಯದಾಗಿ, ಮೇಲ್ಮುಖವಾದ ಹೊಗೆಕೊಳವೆಗೆ ಮಳೆಗಾಲದಲ್ಲಿ ಮುಚ್ಚಳ ಹಾಕಲೇಬೇಕು. ಇಲ್ಲವಾದರೆ ಮಳೆನೀರು ನೇರ ಮ್ಯಾನಿಫೋಲ್ಡಿಗೆ ಇಳಿಯುತ್ತದೆ. ಮುಚ್ಚಳ ಹಾಕಿದ ವಿಷಯವನ್ನು ಸ್ಟಾರ್ಟರ್ ಕೀಲಿಗೆ ಚೀಟಿ ಕಟ್ಟಿ ಸೂಚಿಸಬೇಕು.

6. ಹಿಮ್ಮುಖ ಒತ್ತಡವನ್ನು ಅಳೆಯುವ ಸರಳ ವಿಧಾನ

ಒಳಗೆ ದಾರಿ ಎಷ್ಟು ಕಟ್ಟಿದೆ ಎಂಬುದನ್ನು ಬಿಚ್ಚದೆಯೇ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಸುಮಾರು 4 ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಬೇಕು. ಒಂದು ತುದಿಯನ್ನು, ನಡುವೆ ತಾಮ್ರದ ಸಣ್ಣ ಕೊಳವೆ ಇಟ್ಟು, ಟರ್ಬೋ ಅಥವಾ ಮ್ಯಾನಿಫೋಲ್ಡಿನ ಮುಂದೆ, ನೀರು ಚಿಮ್ಮುವ ಸ್ಥಾನಕ್ಕಿಂತ ಹಿಂದೆ ಇರುವ ತೂತಿಗೆ ಜೋಡಿಸಬೇಕು. ಇನ್ನೊಂದು ತುದಿ ಗಾಳಿಗೆ ತೆರೆದಿರಲಿ. ದೋಣಿಯನ್ನು ಪೂರ್ಣ ಹೊರೆಯಲ್ಲಿ ಓಡಿಸಿದಾಗ ಎರಡು ಕಾಲುಗಳ ನೀರಿನ ಮಟ್ಟದ ಅಂತರವೇ ಹಿಮ್ಮುಖ ಒತ್ತಡ. 1 ಮೀಟರ್ ನೀರಿನ ಅಂತರವೆಂದರೆ ಸುಮಾರು 9.8 ಕಿಲೋಪಾಸ್ಕಲ್. ಟರ್ಬೋ ಇರುವ ಅನೇಕ ಡೀಸೆಲ್ ಎಂಜಿನ್ನುಗಳಿಗೆ ಮಿತಿಯು ಇದರ ಆಸುಪಾಸಿನಲ್ಲಿಯೇ ಇರುತ್ತದೆ. ನಿಖರ ಅಂಕಿಯನ್ನು ತಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಹೊಸ ಬೆಂಡ್ ಹಾಕಿದ ದಿನವೇ ಈ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಮುಂದಿನ ವರ್ಷಗಳಿಗೆ ಮಾನದಂಡವಾಗುತ್ತದೆ. ಅಂಕಿ ಏರುತ್ತಿದ್ದರೆ ಬೆಂಡ್ ಬಿಚ್ಚುವ ಕಾಲ ಬಂದಿದೆ ಎಂದರ್ಥ.

7. ಔಟ್‌ಬೋರ್ಡ್ ಎಂಜಿನ್ನುಗಳು

ನಾಡದೋಣಿಗಳಲ್ಲಿ ಬಳಸುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಹೊಗೆಯು ಎಂಜಿನ್ನಿನ ಕಾಲಿನೊಳಗಿಂದ ಇಳಿದು, ಬಹುಪಾಲು ಮಾದರಿಗಳಲ್ಲಿ ಪ್ರೊಪೆಲ್ಲರಿನ ನಡುವಿನಿಂದ, ನೀರಿನೊಳಗೆ ಹೊರಬೀಳುತ್ತದೆ. ಭಾಗಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಇಲ್ಲಿನ ತುಕ್ಕು ಕೆಂಪಗಿರದೆ ಬಿಳಿ ಪುಡಿಯಾಗಿರುತ್ತದೆ.

ಪ್ರತಿದಿನ ಕೆಲಸ ಮುಗಿದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲನ್ನು ಮುಳುಗಿಸಿ, ನೀರು ಎಳೆಯುವ ಕಿಂಡಿಗಳು ಪೂರ್ಣ ಮುಳುಗಿರುವಂತೆ ನೋಡಿಕೊಂಡು, ನ್ಯೂಟ್ರಲ್‌ನಲ್ಲಿ ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಬೇಕು. ಪ್ರೊಪೆಲ್ಲರನ್ನು ಮೊದಲೇ ಬಿಚ್ಚಿಡುವುದು ಕ್ಷೇಮ. ಪಕ್ಕದ ಸಣ್ಣ ತೂತಿನಿಂದ ನೀರು ಸರಾಗವಾಗಿ ಚಿಮ್ಮುತ್ತಿರಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನುಗಳಲ್ಲಿ ಮಸಿ ಹೆಚ್ಚು ಕಟ್ಟುವುದರಿಂದ ಹೊಗೆಯ ಕವರ್ ಬಿಚ್ಚಿ ಹೆರೆಯುವ ಕೆಲಸವನ್ನು ಮುಂದೂಡಬಾರದು. ನಿಲ್ಲಿಸುವ ಮುನ್ನ ಪೆಟ್ರೋಲಿಗೆ ಬದಲಾಯಿಸಿ ಸ್ವಲ್ಪ ಹೊತ್ತು ಓಡಿಸುವ ಕ್ರಮವನ್ನೂ ತಪ್ಪಿಸಬಾರದು. ಸತುವಿನ ತುಂಡು ಅರ್ಧ ಸವೆದಾಗಲೇ ಬದಲಾಯಿಸಬೇಕು. ಅದಕ್ಕೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದೇ ಇಲ್ಲ.

8. ವ್ಯಾಪಾರಿಗಳು ಮತ್ತು ತಯಾರಕರ ಗಮನಕ್ಕೆ

ಮೇಲಿನದೆಲ್ಲ ಮಾಲೀಕರ ಕರ್ತವ್ಯವಾದರೆ, ಅವರಿಗೆ ಒಳ್ಳೆಯ ಮಾಲು ಒದಗಿಸುವುದು ನಮ್ಮ ಸದಸ್ಯರಲ್ಲಿ ಅನೇಕರ ಉದ್ಯಮ.

ಬಿಡಿಭಾಗ ವ್ಯಾಪಾರಿಗಳು ಹೋಸ್, ಇಂಪೆಲ್ಲರ್, ಪ್ಯಾಕಿಂಗ್ ಸೆಟ್ ಹಾಗೂ ಕ್ಲಿಪ್‌ಗಳನ್ನು ಮೇ ತಿಂಗಳಿನಲ್ಲಿಯೇ ದಾಸ್ತಾನು ಮಾಡಿಕೊಳ್ಳುವುದು ಒಳಿತು. ರಬ್ಬರ್ ಸಾಮಾನಿಗೆ ಬಂದ ದಿನಾಂಕ ಬರೆದು, ಮೊದಲು ಬಂದದ್ದನ್ನು ಮೊದಲು ಮಾರಬೇಕು. ಹೊಗೆಮಾರ್ಗಕ್ಕೆಂದೇ ತಯಾರಾದ ಹೋಸ್ ಬೇರೆ, ನೀರೆಳೆಯುವ ಸಾಧಾರಣ ಹೋಸ್ ಬೇರೆ. ಹೊಗೆಮಾರ್ಗದ ಹೋಸಿಗೆ ಎಸ್‌ಎಇ ಜೆ 2006 ಎಂಬ ಪ್ರತ್ಯೇಕ ಮಾನಕವೇ ಇದೆ. ಅಗ್ಗವೆಂದು ಒಂದರ ಬದಲು ಇನ್ನೊಂದನ್ನು ಕೊಟ್ಟರೆ ನೀರು ನಿಂತ ಕ್ಷಣಕ್ಕೆ ಅದು ಉರಿದುಹೋಗಬಹುದು.

ಸ್ಟೇನ್‌ಲೆಸ್ ಬೆಂಡ್ ತಯಾರಿಸುವವರು 304 ಮತ್ತು 316 ದರ್ಜೆಗಳ ವ್ಯತ್ಯಾಸವನ್ನು ಗಂಭೀರವಾಗಿ ಪರಿಗಣಿಸಬೇಕು. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪಿನ ಕುಳಿಸವೆತವನ್ನು ಅದು ಹೆಚ್ಚು ತಾಳುತ್ತದೆ. ಎರಡೂ ನೋಡಲು ಒಂದೇ. ಆಯಸ್ಕಾಂತವೂ ಇವುಗಳ ಭೇದ ತಿಳಿಸದು. ತಯಾರಿಕಾ ಕಾರ್ಖಾನೆಯ ಪರೀಕ್ಷಾ ಪತ್ರ ಪಡೆಯುವುದು ಹಾಗೂ ಮಾಲಿಬ್ಡಿನಂ ಪತ್ತೆಯ ದ್ರಾವಣದಿಂದ ಪರೀಕ್ಷಿಸುವುದು ಸುಲಭದ ದಾರಿಗಳು. ಬೆಸುಗೆ ಹಾಕುವ ಭಾಗಗಳಿಗೆ ಇಂಗಾಲಾಂಶ ಕಡಿಮೆಯಿರುವ 316 ಎಲ್ ಉತ್ತಮ. ಬೆಸುಗೆಯ ನೀಲಿ ಕಂದು ಕಲೆಗಳನ್ನು ತೆಗೆಯದೆ ಬಿಟ್ಟರೆ ಕುಳಿಬೀಳುವುದು ಅಲ್ಲಿಂದಲೇ ಆರಂಭವಾಗುತ್ತದೆ. ಆದರೆ 316 ಸಹ ಅಮರವಲ್ಲ. ಬಿಸಿಯಾದ, ಗಾಳಿಯಾಡದ ಉಪ್ಪುನೀರು ನಿಲ್ಲುವ ಸಂದಿಗಳಿದ್ದರೆ ಅದೂ ತೂತಾಗುತ್ತದೆ. ನೀರು ನಿಲ್ಲದಂತೆ ಇಳಿಜಾರು ಇಡುವುದು, ನೀರು ಚಿಮ್ಮುವ ಸ್ಥಾನವನ್ನು ಬೆಂಡಿನ ಶಿಖರದ ಆಚೆಗೆ ಇಳಿಮುಖದಲ್ಲಿ ಇಡುವುದು, ನೀರು ಸುತ್ತಲೂ ಸಮನಾಗಿ ಹರಡುವಂತೆ ಮಾಡುವುದು ಲೋಹದ ಆಯ್ಕೆಯಷ್ಟೇ ಮುಖ್ಯ.

ಬೆಳಗಾವಿ, ಶಿವಮೊಗ್ಗಗಳ ಎರಕಶಾಲೆಗಳಿಂದ ಎರಕ ಮಾಡಿಸಿ ಕರಾವಳಿಯಲ್ಲಿ ಮೆಷಿನಿಂಗ್ ಮಾಡುವ ಉದ್ದೇಶವುಳ್ಳವರು ಮೂರು ವಿಷಯಗಳನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು: ಗೋಡೆಯ ಕನಿಷ್ಠ ದಪ್ಪ, ಪ್ರತಿಯೊಂದು ಎರಕಕ್ಕೂ ನೀರಿನ ಒತ್ತಡದ ಪರೀಕ್ಷೆ, ಮತ್ತು ಎರಕದ ಮೇಲೆಯೇ ಮೂಡಿಸಿದ ತಿಂಗಳು ಹಾಗೂ ವರ್ಷ. ಅಚ್ಚಿನೊಳಗಿನ ಕೋರ್ ಸರಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ತೆಳುವಾದ ಕಡೆಯೇ ಮೊದಲು ಹೋಗುತ್ತದೆ. ವರ್ಷ ಮೂಡಿಸುವುದರಿಂದ ಬದಲಾಯಿಸುವ ಕಾಲ ಗ್ರಾಹಕರಿಗೆ ತಾನಾಗಿಯೇ ತಿಳಿಯುತ್ತದೆ. ಎಷ್ಟು ಬಾಳಿತೆಂಬುದು ತಯಾರಕರಿಗೂ ಗೊತ್ತಾಗುತ್ತದೆ.

9. ಪ್ರಾಣಕ್ಕೆ ಸಂಬಂಧಿಸಿದ ಮಾತು

ಹೊಗೆಯ ಸೋರಿಕೆಯು ಎಂಜಿನ್ನಿನ ತೊಂದರೆ ಮಾತ್ರವಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನಿನಲ್ಲಿ ಇದು ಕಡಿಮೆಯಾದರೂ, ಎಂಜಿನ್ ಕೋಣೆಯ ಮೇಲೆಯೇ ಇರುವ, ಮಳೆಗಾಳಿಗೆ ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಅಪಾಯ ತಪ್ಪಿದ್ದಲ್ಲ. ಕೆಲಸಗಾರರಿಗೆ ಕಾರಣವಿಲ್ಲದೆ ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ತೆರೆದ ಗಾಳಿಗೆ ಕರೆತಂದು, ಎಂಜಿನ್ ನಿಲ್ಲಿಸಿ ಹೊಗೆಮಾರ್ಗ ನೋಡಬೇಕು. ಈ ಅನಿಲವನ್ನು ಪತ್ತೆಹಚ್ಚಿ ಗಂಟೆ ಬಾರಿಸುವ ಸಣ್ಣ ಉಪಕರಣವನ್ನು ಕ್ಯಾಬಿನ್ನಿನಲ್ಲಿ ಇಡುವುದು ಎಲ್ಲ ದೋಣಿಗಳಿಗೂ ಅವಶ್ಯಕ. ಆಮ್ಲ ಬಳಸುವಾಗ ಕೈಗವಸು, ಕನ್ನಡಕ ಧರಿಸಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.

ಸಮಾರೋಪ

ಹೊಗೆಮಾರ್ಗದ ನಿರ್ವಹಣೆಗೆ ದೊಡ್ಡ ವಿದ್ಯೆಯಾಗಲಿ ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ಬೇಕಿರುವುದು ಒಂದು ನೋಟುಪುಸ್ತಕ, ಒಂದು ಟಾರ್ಚ್, ಒಂದು ಸುತ್ತಿಗೆ, ಸಿಹಿನೀರು ಮತ್ತು ಸಕಾಲದ ಒಂದು ದಿನ. ಬೆಂಡ್ ಹಾಕಿದ ದಿನಾಂಕ, ಬಿಚ್ಚಿ ನೋಡಿದ ದಿನಾಂಕ, ಒತ್ತಡದ ಅಳತೆ, ಬದಲಾಯಿಸಿದ ಭಾಗಗಳ ಬಿಲ್ಲು ಇವನ್ನು ಪ್ರತಿ ದೋಣಿಗೂ ಪ್ರತ್ಯೇಕವಾಗಿ ಇಟ್ಟುಕೊಂಡರೆ ವಾರಂಟಿ ಅಥವಾ ವಿಮೆಯ ವಿಚಾರ ಬಂದಾಗಲೂ ಅದು ನೆರವಾಗುತ್ತದೆ.

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಬರುವ ಜೂನ್ ಮೊದಲ ವಾರದಲ್ಲಿ, ಒಡಲಿಗೆ ಬಣ್ಣ ಬಳಿಯುವವರನ್ನು ಕರೆಯುವ ಮುನ್ನ, ಬೆಂಡ್ ಬಿಚ್ಚುವವರನ್ನು ಕರೆಯಬೇಕೆಂದು ದೋಣಿ ಮಾಲೀಕರಾದ ಸದಸ್ಯರಲ್ಲಿ ವಿನಂತಿ.